ಯಂತ್ರ ಎಷ್ಟಿವೆ ಎಂದು ಕೇಳುವುದು

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಕೃತಕ ಮೂತ್ರಪಿಂಡದ ಬಗ್ಗೆ ಒಂದು ಚೌಕವಿದೆ. ಶೃಂಗೇರಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕಿದ್ದ ನಾನು ಪಾಠಯೋಜನೆಯಲ್ಲಿ ಅದಕ್ಕೆ ಐದು ನಿಮಿಷ ಇಟ್ಟಿದ್ದೆ. “ಮೇಡಂ, ಆ ಮಿಷನ್ ನೋಡ್ಕೊಳ್ಳೋರು ಏನು ಓದಿರ್ತಾರೆ?” ಎಂದು ಒಬ್ಬಳು ಕೇಳಿದಳು. ಅವಳ ಅಜ್ಜ ವಾರಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ.

ನಮ್ಮ ಕಡೆ ಆರೋಗ್ಯದ ಓದು ಎಂದರೆ ಡಾಕ್ಟರ್, ಇಲ್ಲವೇ ನರ್ಸ್. ಕೊಪ್ಪದ ಆಯುರ್ವೇದ ಕಾಲೇಜು ಮಕ್ಕಳಿಗೆ ಗೊತ್ತು, ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜೂ ಗೊತ್ತು. ಇವೆರಡರ ನಡುವಿನ ಪ್ರಯೋಗಾಲಯ, ಎಕ್ಸ್‌ರೇ, ಅರಿವಳಿಕೆ, ಡಯಾಲಿಸಿಸ್ ತಂತ್ರಜ್ಞರ ಪದವಿಗಳ ಹೆಸರು ಯಾರೂ ಹೇಳಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಡಯಾಲಿಸಿಸ್ ತಂತ್ರಜ್ಞಾನದ ಬಿ.ಎಸ್ಸಿ. ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇಂಥ ವೃತ್ತಿಗಳಿಗಾಗಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿದ್ದೇ 2021ರಲ್ಲಿ.

ಆ ಹುಡುಗಿಯ ಅಕ್ಕ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮನೆಗೆ ಬಂದ ಏಜೆಂಟನೊಬ್ಬ ಬೆಂಗಳೂರಿನ ಕಾಲೇಜಿನ ಕರಪತ್ರ ಕೊಟ್ಟು, ಮುಂಗಡ ಕಟ್ಟಿದರೆ ಸೀಟು ಖಾತ್ರಿ ಎಂದಿದ್ದಾನೆ. ಕರಪತ್ರದಲ್ಲಿ ಕಟ್ಟಡವಿದೆ, ಬಸ್ಸಿದೆ, ನಗುವ ವಿದ್ಯಾರ್ಥಿಗಳಿದ್ದಾರೆ. ರೋಗಿ ಒಬ್ಬರೂ ಇಲ್ಲ!

ಮರುದಿನದ ತರಗತಿಯಲ್ಲಿ ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡೆವು. ಒಮ್ಮೆ ಡಯಾಲಿಸಿಸ್‌ಗೆ ಸುಮಾರು ನಾಲ್ಕು ತಾಸು. ಆಸ್ಪತ್ರೆಯಲ್ಲಿ 4 ಯಂತ್ರಗಳಿದ್ದು ದಿನಕ್ಕೆ ಮೂರು ಪಾಳಿ ನಡೆದರೆ 12 ಸಲ. ತರಗತಿಯಲ್ಲಿ 30 ವಿದ್ಯಾರ್ಥಿಗಳಿದ್ದರೆ ಒಬ್ಬರಿಗೆ ಎರಡೂವರೆ ದಿನಕ್ಕೊಂದು ಅವಕಾಶ, ಅದೂ ಯಂತ್ರಗಳೆಲ್ಲ ಸರಿಯಿದ್ದರೆ. 15 ಯಂತ್ರಗಳಿದ್ದರೆ 45 ಸಲ. ಸೂಜಿ ಹಾಕುವುದು, ನಡುವೆ ರೋಗಿಯ ರಕ್ತದೊತ್ತಡ ಕುಸಿದದ್ದನ್ನು ಗುರುತಿಸುವುದು, ಇವೆಲ್ಲ ಕೈಯಿಂದ ಕಲಿಯಬೇಕಾದವು. ಹಾಗಾಗಿ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಯಂತ್ರ ಎಷ್ಟು, ಅವನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಾರೆ ಎಂಬುದು ಹಾಸ್ಟೆಲ್ಲಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ಮಕ್ಕಳು ಇನ್ನೆರಡು ಸೇರಿಸಿದರು: ನಾಲ್ಕೂ ವರ್ಷದ ಶುಲ್ಕ ಬರೆದುಕೊಡುತ್ತೀರಾ? ಮೂಲ ಅಂಕಪಟ್ಟಿ ನೀವೇ ಇಟ್ಟುಕೊಳ್ಳುತ್ತೀರಾ? ಎರಡನೆಯದನ್ನು ಕೇಳಿದವನ ಅಣ್ಣ ಅರ್ಧಕ್ಕೆ ಬಿಟ್ಟು ಬಂದು, ಅಂಕಪಟ್ಟಿಗಾಗಿ ಅಲೆಯುತ್ತಿದ್ದಾನಂತೆ.

ಪಾಠ ವೀಕ್ಷಿಸಿದವರು ಹಾಳೆಯಲ್ಲಿ ‘ವಿಷಯಾಂತರ’ ಎಂದು ಬರೆದರು. ಅವರ ಮೇಲೆ ಗೌರವವಿದೆ, ಆದರೆ ಒಪ್ಪಿಗೆಯಿಲ್ಲ. ಸೂಕ್ಷ್ಮಬೋಧನೆಯಲ್ಲಿ ಪ್ರಶ್ನಿಸುವ ಕೌಶಲ್ಯಕ್ಕೆ ನಮಗೆ ಅಂಕವಿದೆ. ಮಕ್ಕಳ ಪ್ರಶ್ನೆಗೆ ಆ ಹಾಳೆಯಲ್ಲಿ ಕಾಲಮ್ಮೇ ಇಲ್ಲ. ಘಟಕ ಪರೀಕ್ಷೆಯಲ್ಲಿ ನೆಫ್ರಾನಿನ ಚಿತ್ರವನ್ನು ಮಕ್ಕಳು ಚೆನ್ನಾಗಿಯೇ ಬರೆದರು ಎಂಬುದನ್ನೂ ಹೇಳಿಬಿಡುತ್ತೇನೆ.

ಅಕ್ಕ ಎರಡು ಕಡೆ ಫೋನ್ ಮಾಡಿದಳಂತೆ. ಯಂತ್ರ ಎಷ್ಟಿವೆ ಎಂದಾಗ ಕರಪತ್ರದವರು, ಮೊದಲು ಸೀಟು ಬುಕ್ ಮಾಡಿ ಎಂದರು. ಇನ್ನೊಂದು ಕಾಲೇಜಿನವರು ಸಂಖ್ಯೆ ಹೇಳಿ, ಬಂದು ನೋಡಬಹುದು ಎಂದರು; ಅಲ್ಲಿ ಶುಲ್ಕ ಹೆಚ್ಚು. ಹಳದಿ ಎಲೆ ರೋಗದಿಂದ ತೋಟದ ಫಸಲು ಇಳಿದ ಮನೆ ಅದು. ಅಡಿಕೆ ಕೊಯ್ಲು ಮುಗಿಯಲಿ, ನೋಡುವ ಎಂದಿದ್ದಾರೆ ಅಪ್ಪ.