ಒಂಬತ್ತು ಮಿಲಿಮೀಟರ್

ಮೆಷಿನ್ ಇನ್ನೂ ಶುರುವಾಗಿಲ್ಲ. ಆಗಲೇ ನಿಮ್ಮ ಅಂಗೈ ಬೆವರಿದೆ. ರಾಯಚೂರಿನ ಮೇ ತಿಂಗಳು, ತಗಡಿನ ಸೂರು, ಹನ್ನೊಂದು ಗಂಟೆಗೇ ಗಾಳಿ ಕಾದು ಕೂತಿದೆ. ಹೊಟ್ಟು ಕಣ್ಣಿಗೆ ಹಾರದಿರಲೆಂದು ಫ್ಯಾನ್ ನಿಲ್ಲಿಸಿದ್ದಾರೆ. ಎದುರಿನ ಬೆಂಚಿನ ಮೇಲೆ ಸಾಗವಾನಿಯ ಕದವೊಂದು ಅಂಗಾತ ಮಲಗಿದೆ. ಮರ ಕೊರೆಯುವ ಪ್ಲಂಜ್ ರೂಟರಿನ ಎರಡು ಹಿಡಿಗಳು ನಿಮ್ಮ ಎರಡು ಕೈಯಲ್ಲಿವೆ.

ಮುಟ್ಟಿ ನೋಡಿ. ಈ ಮರ ನಿಮಗಿಂತ ಹಿರಿಯದು. ಮಾನ್ವಿ ಸೀಮೆಯ ಮಾಳಿಗೆ ಮನೆಯೊಂದರಲ್ಲಿ ತೊಲೆಯಾಗಿ ಮಣ್ಣಿನ ಭಾರ ಹೊತ್ತಿದ್ದದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಆ ಕಡೆಗೆ ಹರಿದ ಮೇಲೆ ಭತ್ತ ಬಂತು, ಭತ್ತದ ಬೆನ್ನಿಗೆ ದುಡ್ಡು ಬಂತು. ಮಾಳಿಗೆಗಳು ಒಂದೊಂದಾಗಿ ಇಳಿದು ಆರ್‌ಸಿಸಿ ಮನೆಗಳು ಎದ್ದವು. ಇಳಿದ ತೊಲೆ, ಜಂತಿಗಳು ಇಂಥ ಅಂಗಡಿಗಳಿಗೆ ಬರುತ್ತವೆ. ಈ ತೊಲೆ ಸೀಳಿಸಿಕೊಂಡು ಜೋಡಿ ಕದವಾಗಿದೆ, ದೇವದುರ್ಗದ ಹೊಸ ಮನೆಗೆ ಹೊರಟಿದೆ. ಹಳೆಯ ಮನೆಯ ಬಾಗಿಲ ಚೌಕಟ್ಟಿನಿಂದ ಜೋಪಾನವಾಗಿ ಕತ್ತರಿಸಿ ತೆಗೆದ ಎರಡು ಕೆತ್ತನೆಯ ಕಮಲಗಳೂ ಪಕ್ಕದಲ್ಲಿವೆ. 120 ಮಿ.ಮೀ. ಚಚ್ಚೌಕ, ಅಂಚಿನಲ್ಲಿ 12 ಮಿ.ಮೀ. ದಪ್ಪ. ಕದಕ್ಕೊಂದರಂತೆ ಅವು ಕೊರೆದ ಗುಳಿಯೊಳಗೆ ಕೂರಬೇಕು. ಗುಳಿ ಸಣ್ಣದಾದರೆ ಅಗಲಿಸಬಹುದು. ದೊಡ್ಡದಾದರೆ ಬದಲಿಗೆ ಇಂಥ ಮರ ಎಲ್ಲಿಯೂ ಸಿಗದು.

"ನೋಡ್ಕೊಂಡಿಯಾ ತಮ್ಮಾ?" ಬಡಿಗೇರ ಕಾಕಾ ಕೇಳುತ್ತಾರೆ.

ನೀವು ಮತ್ತೊಮ್ಮೆ ನೋಡುತ್ತೀರಿ. ಕದದ ಮೇಲೆ 12 ಮಿ.ಮೀ. ಎಂಡಿಎಫ್‌ನ ಅಚ್ಚುಹಲಗೆ, ಅಂದರೆ ಫರ್ಮಾ, ಕ್ಲ್ಯಾಂಪ್ ಹಿಡಿತದಲ್ಲಿದೆ, ನಡುವೆ ಚೌಕ ಕಿಂಡಿ. ರೂಟರಿನ ತಳಕ್ಕೆ ಗೈಡ್ ಬುಷ್ ಬಿಗಿದಿದ್ದಾರೆ. ಅದರ ಗಿಡ್ಡ ಕೊರಳು ಫರ್ಮಾದ ದಪ್ಪಕ್ಕಿಂತ ತುಸು ಕಡಿಮೆಯೇ ಕೆಳಗೆ ಚಾಚಿದೆ, ಮರಕ್ಕೆ ತಾಗುವುದಿಲ್ಲ. ಕೊರಳು ಕಿಂಡಿಯ ಅಂಚಿಗೆ ಒರಸುತ್ತ ಸಾಗುತ್ತದೆ. ಬಿಟ್ ಅದರೊಳಗಿಂದ ಇಳಿದು ಕೊರೆಯುತ್ತದೆ. ಬುಷ್‌ನ ಹೊರ ಅಳತೆ 30, ಬಿಟ್ 12. ಉಳಿದದ್ದು 18, ಅದರ ಅರ್ಧ 9. ಅಂದರೆ ಬಿಟ್ ಯಾವಾಗಲೂ ಅಂಚಿನಿಂದ 9 ಮಿ.ಮೀ. ಒಳಗೇ ಇರುತ್ತದೆ. ಹಾಗಾಗಿ 120ರ ಗುಳಿಗೆ 138ರ ಕಿಂಡಿ. ಈ ಲೆಕ್ಕ ತಪ್ಪಿದ್ದರೆ ಎಂಥ ನುರಿತ ಕೈಯೂ ಈಗ ಕದವನ್ನು ಉಳಿಸಲಾರದು. ನಿನ್ನೆ ಸಂಜೆ ಕಾಕಾ ಕಿಂಡಿಯ ಅಂಚಿಗೆ ಅರ ಹಿಡಿದು, ಉಗುರಿನಿಂದ ಸವರಿ, ಮತ್ತೆ ಅರ ಹಿಡಿದು ಕೂತದ್ದು ಸುಮ್ಮನೆ ಅಲ್ಲ. ಅಲ್ಲಿ ಉಳಿದ ಸಣ್ಣ ಉಬ್ಬೂ ಮರದಲ್ಲಿ ಹಾಗೆಯೇ ಮೂಡುತ್ತದೆ.

ಇನ್ನೊಂದು ಭಯವಿದೆ, ಅದು ಕಣ್ಣಿಗೆ ಕಾಣದ್ದು. ಹಳೆಯ ತೊಲೆಯೊಳಗೆ ಮೊಳೆ ಇರುತ್ತದೆ. ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತವನ್ನು ಕಾಕಾ ಕದದುದ್ದಕ್ಕೂ ಎಳೆದು ನೋಡಿದ್ದಾರೆ. ಎರಡು ಸಿಕ್ಕಿದವು, ತೆಗೆದಾಯಿತು. ಆಳದಲ್ಲಿರುವುದನ್ನು ಅಯಸ್ಕಾಂತ ಹೇಳುವುದಿಲ್ಲ.

ಕನ್ನಡಕ, ಮಾಸ್ಕ್, ಕಿವಿಗೆ ಮುಚ್ಚಳ. ಗೋಡೆಯ ಮೇಲೆ ತಿಂಥಣಿ ಮೌನೇಶ್ವರರ ಪಟವಿದೆ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಶರಣ. ದೇವದುರ್ಗ ಸೀಮೆಯಿಂದ ಕೃಷ್ಣೆಯ ಸೇತುವೆ ದಾಟಿದರೆ ಅವರ ಗುಡಿ. ಕಾಕಾ ಅತ್ತ ಒಮ್ಮೆ ನೋಡಿ ನಿಮ್ಮತ್ತ ತಲೆಯಾಡಿಸುತ್ತಾರೆ.

ಸ್ವಿಚ್ ಒತ್ತುತ್ತೀರಿ.

ಮೊದಲು ಮಣಿಕಟ್ಟು ತಿರುಚಿದಂತಾಗುತ್ತದೆ. ಆಮೇಲೆ ಕೂಗು ಏರುತ್ತದೆ, ಮುಚ್ಚಳ ದಾಟಿ ಹಲ್ಲಿನ ಬುಡಕ್ಕೆ ಇಳಿಯುತ್ತದೆ. ನಿಮಿಷಕ್ಕೆ ಸುಮಾರು 20,000 ಸುತ್ತು. ಬುಷ್ ಎಡ ಅಂಚಿಗೆ ಒರಗಿದೆಯೇ? ಒರಗಿದೆ. ತಳ ಸಪಾಟಾಗಿ ಕೂತಿದೆಯೇ? ಕೂತಿದೆ. ಲಾಕ್ ಸಡಿಲಿಸಿ ಕೆಳಗೆ ಒತ್ತುತ್ತೀರಿ. ಸ್ಪ್ರಿಂಗ್ ಎದುರು ಒತ್ತುತ್ತದೆ. ಇನ್ನೂ ಒತ್ತುತ್ತೀರಿ. ಮರ ತಾಗುತ್ತದೆ, ಕೂಗು ದಪ್ಪವಾಗುತ್ತದೆ. ನಾಲ್ಕು ಮಿ.ಮೀ. ಆಳಕ್ಕೆ ಸ್ಟಾಪ್ ಸಿಗುತ್ತದೆ. ಲಾಕ್. ಇಲ್ಲಿ ನಿಂತರೆ ಮರ ಸುಡುತ್ತದೆ. ನಡೆಯಿರಿ.

ಕಿಂಡಿಯ ಒಳಗೆ ಹೋಗುವಾಗ ಗಡಿಯಾರದ ದಿಕ್ಕಿಗೇ ಹೋಗಬೇಕು. ಆಗ ತಿರುಗುವ ಬಿಟ್ ತಾನಾಗಿ ಬುಷ್ಷನ್ನು ಅಂಚಿಗೆ ಎಳೆದುಕೊಂಡಿರುತ್ತದೆ. ತಿರುವುಮುರುವಾಗಿ ಹೊರಟರೆ ಮೆಷಿನ್ ನಿಮ್ಮ ಕೈ ಕಿತ್ತುಕೊಂಡು ಮುಂದೆ ಓಡುತ್ತದೆ. ತೋಳು ಬಿಗಿದಿದೆ, ಉಸಿರು ಕಟ್ಟಿದೆ. ಬಿಸಿ ಹೊಟ್ಟು ಮೊಣಕೈಗೆ ಸಿಡಿಯುತ್ತಿದೆ. ಮಾಸ್ಕ್ ದಾಟಿ ಮೂಗಿಗೆ ಹಳೆಯ ಸಾಗವಾನಿಯ ಎಣ್ಣೆ ವಾಸನೆ ಬರುತ್ತಿದೆ, ಅಷ್ಟು ವರ್ಷ ಒಲೆಯ ಹೊಗೆ ಕುಡಿದ ಮರ ಒಳಗೆ ಇನ್ನೂ ಹಸನಾಗಿದೆ.

"ಸೊಟ್ಟ ಮಾಡಬ್ಯಾಡ," ಕಾಕಾ ಕಿವಿಯ ಹತ್ತಿರವೇ ಕೂಗುತ್ತಾರೆ. "ತಳಕ್ಕ ಕೂಡ್ಸು. ಅದು ತಾನಾಗೇ ಹೋಗ್ತದ."

ಸುತ್ತು ಮುಗಿಸಿ ನಡುವಿನದನ್ನು ಸಾಲುಸಾಲಾಗಿ ತೆಗೆಯುತ್ತೀರಿ. ಕಿಂಡಿ ಮೆಷಿನ್ನಿನ ತಳಕ್ಕಿಂತ ಚಿಕ್ಕದು, ಹಾಗಾಗಿ ನಟ್ಟನಡುವೆ ಬಂದರೂ ತಳ ಫರ್ಮಾದ ಮೇಲೇ ಇರುತ್ತದೆ, ವಾಲುವುದಿಲ್ಲ. ಎರಡನೆಯ ಸುತ್ತು, 8 ಮಿ.ಮೀ. ಅರ್ಧ ದಾರಿಯಲ್ಲಿ ಕೂಗು ಕುಸಿಯುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಕರೆಂಟ್ ಹೋಯಿತು. ಕೈ ಎತ್ತಬೇಕೆನಿಸುತ್ತದೆ. ಎತ್ತಬೇಡಿ. ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಮರೆತು ಹಾಗೇ ಬಿಟ್ಟರೆ, ಕರೆಂಟ್ ಬಂದ ಗಳಿಗೆ ಹಿಡಿಯುವವರಿಲ್ಲದ ಮೆಷಿನ್ ಎದ್ದು ಕೂರುತ್ತದೆ. ಕಾಲು ಗಂಟೆ ನೀರು ಕುಡಿದು, ಕುತ್ತಿಗೆ ಒರೆಸಿಕೊಂಡು ಕಾಯುತ್ತೀರಿ. ಮತ್ತೆ ಆರಂಭ.

ಮೂರನೆಯ ಸುತ್ತು, ಕೊನೆಯ ನಾಲ್ಕು ಮಿ.ಮೀ. ಒಂದು ಬದಿ ಮುಗಿಯಿತು, ಎರಡನೆಯದು ಮುಗಿಯಿತು. ಕೈಗೆ ಧೈರ್ಯ ಬಂದಿದೆ.

ಹೊಟ್ಟು ಕಪ್ಪಾಗಿ ಬರುತ್ತಿದೆ.

ಕಬ್ಬಿಣ ಇದ್ದಲ್ಲಿ ಸಾಗವಾನಿ ಕಪ್ಪಾಗುತ್ತದೆ. ನಿಲ್ಲಿಸಬೇಕೇ? ಇನ್ನು ಒಂದೇ ಗೇಣು. ಕೂಗು ಬದಲಾಯಿತು. ಟಿಣ್! ಹಿಡಿ ಒದೆಯುತ್ತದೆ. ಕಾದ ಕಬ್ಬಿಣದ ನಾತ. ಪಕ್ಕಕ್ಕೆ ಎಳೆಯಲೇ? ಬೇಡ, ಎಳೆದರೆ ಬುಷ್ ಅಂಚು ಬಿಡುತ್ತದೆ, ಗೋಡೆ ಸೀಳುತ್ತದೆ. ಇದ್ದಲ್ಲೇ ಇರಿ. ಲಾಕ್ ಬಿಡಿ. ಸ್ಪ್ರಿಂಗ್ ಬಿಟ್ಟನ್ನು ನೇರ ಮೇಲಕ್ಕೆ ಎತ್ತುತ್ತದೆ. ಆಫ್. ಪೂರಾ ನಿಲ್ಲುವವರೆಗೆ ಹಿಡಿ ಬಿಡಬೇಡಿ.

ಮೊಣಕಾಲು ನಡುಗುತ್ತಿದೆ. ಗುಳಿಯ ತಳದಲ್ಲಿ ಕಪ್ಪು ಉಂಗುರ, ಅದರ ನಡುವೆ ಹೊಳೆಯುವ ಚುಕ್ಕೆ. ಕಾಕಾ ಕಿರಿದಾದ ಉಳಿಯಿಂದ ಸುತ್ತ ಬಿಡಿಸಿ, ಇಕ್ಕಳದಲ್ಲಿ ಕಚ್ಚಿ ಎಳೆಯುತ್ತಾರೆ. ಕಮ್ಮಾರ ಕೈಯಿಂದ ಬಡಿದ ಚೌಕ ಮೊಳೆ. ಬಿಟ್‌ನ ಬಾಯಿ ಮುಕ್ಕಾಗಿದೆ.

ಫರ್ಮಾದ ದೊಡ್ಡತನ ಕಾಣುವುದು ಈ ಗಳಿಗೆಯಲ್ಲಿ. ಕ್ಲ್ಯಾಂಪ್ ಸಡಿಲಿಸಿಲ್ಲ. ಅಂಚು ಇದ್ದಲ್ಲೇ ಇದೆ. ಹೊಸ 12ರ ಬಿಟ್ ಹಾಕಿದರೆ ಅದೇ ಗೆರೆ ಕೂದಲೆಳೆ ತಪ್ಪದೆ ಮರಳಿ ಸಿಗುತ್ತದೆ. ಕಣ್ಣಳತೆಯಲ್ಲಿ ಕೊರೆಯುವವರಿಗೆ ಈ ಎರಡನೆಯ ಅವಕಾಶವಿಲ್ಲ. ಆಳ ಮಾತ್ರ ಹೊಸದಾಗಿ ಹಿಡಿಯಬೇಕು. 12 ಮಿ.ಮೀ. ತಲುಪಿದ ತಳ ಎರಡು ಬದಿಯಲ್ಲಿ ಸಿದ್ಧವಿದೆ. ಪ್ಲಗ್ ಹಾಕುವ ಮೊದಲೇ ಬಿಟ್‌ನ ತುದಿಯನ್ನು ಅಲ್ಲಿ ಮೆಲ್ಲಗೆ ಊರಿ ಸ್ಟಾಪ್ ಬಿಗಿಯುತ್ತೀರಿ. ಮೊದಲ ಸಲ ಮೆಷಿನ್ನಿನ ಯಾವ ಹಿಡಿ ಎದೆಯ ಕಡೆಗಿತ್ತೋ ಈಗಲೂ ಹಾಗೆಯೇ ಹಿಡಿಯಿರಿ. ಬುಷ್ ಎಷ್ಟೇ ನಡು ನೋಡಿ ಕೂರಿಸಿದ್ದರೂ ಎಳೆಯಷ್ಟು ಸರಿದಿರಬಹುದು, ಮೆಷಿನ್ ತಿರುಗಿಸಿದರೆ ಆ ಎಳೆ ಗೋಡೆಯಲ್ಲಿ ಕಾಣುತ್ತದೆ.

ಉಳಿದ ಎರಡು ಬದಿ ಮುಗಿಯುತ್ತವೆ. ಈ ಸಲ ನಿಮ್ಮ ಇಡೀ ಮೈ ಆ ಕೂಗನ್ನೇ ಕೇಳುತ್ತಿರುತ್ತದೆ.

ಫರ್ಮಾ ಬಿಚ್ಚಿದಾಗ ನಾಲ್ಕು ಮೂಲೆಗಳೂ ಗುಂಡಗಿವೆ. 12ರ ಬಿಟ್ 6 ಮಿ.ಮೀ. ತ್ರಿಜ್ಯದ ತಿರುವನ್ನು ಬಿಟ್ಟೇ ಬಿಡುತ್ತದೆ. ಕಮಲದ ಹಲಗೆಗೆ ಚೂಪು ಮೂಲೆ. ಇಲ್ಲಿಂದ ಮುಂದೆ ಉಳಿ, ಕೊಡತಿ. ಕಾಕಾ ಒಂದು ಮೂಲೆ ತೋರಿಸಿ ಕೊಟ್ಟು ಮೂರನ್ನು ನಿಮಗೆ ಬಿಡುತ್ತಾರೆ. ರೂಟರ್ ಬಿಟ್ಟ ನೇರ ಗೋಡೆಗೇ ಉಳಿಯ ಬೆನ್ನು ಒರಗಿಸಿ ಇಳಿಸುತ್ತೀರಿ; ಸಿಪ್ಪೆ ಸುರುಳಿ ಸುತ್ತಿ ಮೇಲೇಳುತ್ತದೆ.

ಕಮಲವನ್ನು ಮೇಲಿಟ್ಟು, ಮರದ ಎಳೆ ಕದದ ಎಳೆಯ ದಿಕ್ಕಿಗೇ ಇದೆಯೆಂದು ಕಾಕಾ ಖಾತ್ರಿ ಮಾಡಿಕೊಳ್ಳುತ್ತಾರೆ. ಬೇಸಿಗೆಗೆ ಕುಗ್ಗುವಾಗ, ಮಳೆಗೆ ಹಿಗ್ಗುವಾಗ ಎರಡೂ ಕೂಡಿ ಆಡಬೇಕು. ಹೆಬ್ಬೆರಳಿನಿಂದ ಒತ್ತುತ್ತೀರಿ. ಅರ್ಧ ಇಳಿದು ನಿಲ್ಲುತ್ತದೆ.

"ಬಡೀಲ್ಯಾ ಕಾಕಾ?"

"ಬ್ಯಾಡ. ಎಲ್ಲಿ ಹಿಡಿದದ ನೋಡು ಮದ್ಲ."

ಒಂದು ಮೂಲೆಯಲ್ಲಿ ನೀವು ಬಿಟ್ಟ ಕೂದಲಿನಷ್ಟು ಮರ. ಉಳಿಯ ಒಂದೇ ಸವರು. ಕಮಲ ಗಾಳಿಯನ್ನು ಹೊರದಬ್ಬುತ್ತ ತಳ ಮುಟ್ಟುತ್ತದೆ. ಅಂಚಿನ ಮೇಲೆ ಬೆರಳು ಎಳೆದರೆ ಎಲ್ಲಿಯೂ ತಡೆಯುವುದಿಲ್ಲ.

ಕಾಕಾ ಫರ್ಮಾದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ: ಬುಷ್ 30, ಬಿಟ್ 12, ಗುಳಿ 120. ಆಮೇಲೆ ನೀವಿಬ್ಬರೂ ಸೇರಿ ಜೋಡಿಯ ಇನ್ನೊಂದು ಕದವನ್ನು ಬೆಂಚಿಗೆ ಎತ್ತುತ್ತೀರಿ. ಈ ಸಲ ಅಯಸ್ಕಾಂತ ಸಾಲದು ಎನ್ನುತ್ತ ಕಾಕಾ ಸಣ್ಣ ಡ್ರಿಲ್ ಬಿಟ್ ಹುಡುಕಲು ಹೊರಡುತ್ತಾರೆ. ಗುಳಿಯಾಗಿ ಹೋಗುವ ಜಾಗದಲ್ಲೇ 12 ಮಿ.ಮೀ. ಆಳಕ್ಕೆ ನಾಲ್ಕಾರು ತೂತು ಹಾಕಿ, ಹೊಟ್ಟು ಕಪ್ಪೋ ಕೆಂಪೋ ನೋಡಿ ಮುಂದುವರಿಯಬೇಕು.