ಬಿಟ್ಟದ್ದನ್ನು ಮತ್ತೆ ತಟ್ಟೆಗೆ ತನ್ನಿ

ವಿದ್ಯಾರಣ್ಯಪುರ, ಬೆಂಗಳೂರು
ಧನುರ್ಮಾಸ

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಹೊಟ್ಟೆ ಉಬ್ಬರ ಇಳಿದಿದೆ, ಬೆಳಿಗ್ಗೆ ಬಸ್ಸು ಹತ್ತೋಕೆ ಈಗ ಭಯವಿಲ್ಲ ಅಂತ ಓದಿ ತುಂಬಾ ಸಮಾಧಾನವಾಯಿತು. ಆದರೆ ಅದರ ಕೆಳಗಿನ ಸಾಲು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ನಾಲ್ಕು ತಿಂಗಳಿಂದ ಅನ್ನ, ತುಪ್ಪ, ಸಪ್ಪೆ ಬೀನ್ಸ್ ಪಲ್ಯ. ಇನ್ನು ಮುಂದೆಯೂ ಇಷ್ಟೇ ಅಂತ ನಿರ್ಧಾರ ಮಾಡಿಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. ನೀವು ಈ ಪಥ್ಯದ ಮೊದಲ ಮೆಟ್ಟಿಲ ಮೇಲೆ ಕೂತು, ಅದನ್ನೇ ಮನೆ ಅಂದುಕೊಂಡಿದ್ದೀರಿ.

ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಸಕ್ಕರೆಗಳನ್ನು ಕಡಿಮೆ ಮಾಡುವ ಈ ಲೋ ಫಾಡ್‌ಮ್ಯಾಪ್ ಪಥ್ಯ ಹುಟ್ಟಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸ್ಯೂ ಶೆಫರ್ಡ್ 2005ರಲ್ಲಿ ಈ ಹೆಸರನ್ನು ಮುಂದಿಟ್ಟರು. ಅವರು ಹೇಳಿದ ಕ್ರಮದಲ್ಲಿ ಮೂರು ಹಂತಗಳಿವೆ. ಕೆಲವು ಆಹಾರಗಳನ್ನು ಬಿಡೋದು ಎರಡರಿಂದ ಆರು ವಾರ ಮಾತ್ರ. ಆಮೇಲೆ ಆರೆಂಟು ವಾರ ಒಂದೊಂದಾಗಿ ಮತ್ತೆ ತಿಂದು ನೋಡೋದು. ಕೊನೆಗೆ ನಿಮ್ಮ ಹೊಟ್ಟೆಗೆ ಯಾವುದು ಎಷ್ಟು ಒಗ್ಗುತ್ತದೆ ಅಂತ ತಿಳಿದುಕೊಂಡು ಸಾಧ್ಯವಾದಷ್ಟು ಬಗೆಬಗೆಯಾಗಿ ಉಣ್ಣೋದು. ನಿಮಗೆ ಕೊಟ್ಟ ಹಾಳೆಯಲ್ಲಿ ಬಿಡುವ ಹಂತ ಮಾತ್ರ ಇತ್ತು. ಅದರಲ್ಲೂ ತಿನ್ನಬಹುದಾದವುಗಳ ಸಾಲಿನಲ್ಲಿ ಬ್ರಾಕೊಲಿ, ಕಿನ್ವಾಗಳಿಗೆ ಜಾಗವಿದ್ದು ಮುದ್ದೆ, ಹುಳಿ, ಗೊಜ್ಜುಗಳಿಗೆ ಜಾಗವಿರಲಿಲ್ಲ. ಹಾಗಾಗಿ ದಾರಿ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಒಳಗೆ ನಡೆಯೋದು ಇಷ್ಟು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಇದೆ. ಅವರೆ, ಕಡಲೆ, ಅಲಸಂದೆಯಂಥ ಕಾಳುಗಳಲ್ಲಿ ಗ್ಯಾಲಕ್ಟೋಸ್ ಜಾತಿಯ ಸಕ್ಕರೆಗಳ ಸರಪಳಿ ಇದೆ. ಇವನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿ ಇಲ್ಲ, ಯಾರಿಗೂ ಇಲ್ಲ. ಹಾಲಿನ ಲ್ಯಾಕ್ಟೋಸ್, ಮಾವು ಮತ್ತು ಜೇನಿನಲ್ಲಿ ಹೆಚ್ಚಾಗಿರುವ ಫ್ರಕ್ಟೋಸ್, ಅಣಬೆ ಮತ್ತು ಹೂಕೋಸಿನ ಮ್ಯಾನಿಟಾಲ್ ಕೆಲವರಿಗೆ ಪೂರ್ತಿ ಹೀರಿಕೆಯಾಗೋದಿಲ್ಲ. ಹೀರಿಕೆಯಾಗದೆ ಉಳಿದದ್ದು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಅವರೆಕಾಳು ತಿಂದರೆ ನಿಮ್ಮ ಯಜಮಾನರ ಹೊಟ್ಟೆಯಲ್ಲೂ ಗಾಳಿಯಾಗುತ್ತದೆ. ಅವರ ಕರುಳು ಆ ಹಿಗ್ಗುವಿಕೆಯನ್ನು ಗಮನಿಸೋದಿಲ್ಲ, ನಿಮ್ಮದು ನೋವೆಂದು ಕೂಗುತ್ತದೆ. ಇದು ನಿಮ್ಮ ಮನಸ್ಸಿನ ಕಲ್ಪನೆಯಲ್ಲ. ಮನೆಯಲ್ಲಿ ಯಾರಾದರೂ ಹಾಗಂದರೆ ಈ ಪತ್ರ ತೋರಿಸಿ.

ಆದರೆ ನಿಮ್ಮನ್ನು ನೋಯಿಸುವ ಇದೇ ಸಕ್ಕರೆಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ. ಬಿಡುವ ಹಂತದಲ್ಲಿ ಬೈಫಿಡೋ ಬ್ಯಾಕ್ಟೀರಿಯಾಗಳು ಕಡಿಮೆಯಾಗುತ್ತವೆ ಅನ್ನೋದು ಅಧ್ಯಯನಗಳಲ್ಲಿ ಕಂಡಿದೆ. ಹಾಲು ಬಿಟ್ಟರೆ ಕ್ಯಾಲ್ಸಿಯಂ ಕಡಿಮೆ, ಕಾಳು ಬಿಟ್ಟರೆ ನಾರು ಮತ್ತು ಪ್ರೋಟೀನ್ ಎರಡೂ ಕಡಿಮೆ. ನನ್ನ ಕಾಳಜಿ ಇದೇ: ನೋವು ಹೋಯಿತು ಅಂತ ಅಲ್ಲೇ ನಿಂತರೆ ಇನ್ನೊಂದು ಕಡೆಯಿಂದ ಸೊರಗುತ್ತೀರಿ.

ನಿಮ್ಮ ಅತ್ತೆಯವರು ಚಾತುರ್ಮಾಸ್ಯದ ವ್ರತ ಬಿಡದೆ ಮಾಡುತ್ತಾರೆ ಅಂತ ಬರೆದಿದ್ದೀರಲ್ಲ, ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಆಷಾಢದ ಏಕಾದಶಿ ಕಳೆದು ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇದು ದಧಿವ್ರತ, ಮೊಸರಿಲ್ಲ. ಮೂರನೇದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೇದು ದ್ವಿದಳವ್ರತ, ಬೇಳೆಕಾಳಿಲ್ಲ. ಅದರ ಉದ್ದೇಶ ಬೇರೆ, ಭಕ್ತಿಯದು. ಅದನ್ನು ಚಿಕಿತ್ಸೆಯೆಂದು ಹೇಳೋಕೆ ನಾನು ಹೋಗೋದಿಲ್ಲ. ಆದರೆ ಒಂದು ಗುಂಪನ್ನು ಮಾತ್ರ ಬಿಟ್ಟು, ಉಳಿದದ್ದರಲ್ಲಿ ರುಚಿಯಾಗಿ ಅಡುಗೆ ಮಾಡಿ, ತಿಂಗಳು ಮುಗಿದ ದಿನ ಅದನ್ನು ಗೌರವದಿಂದ ತಿರುಗಿ ಎಲೆಗೆ ಬಡಿಸುವ ಅಭ್ಯಾಸ ಅವರ ಕೈಗಿದೆ. ಬೇಳೆಯಿಲ್ಲದೆ ಹುಳಿ ಗಟ್ಟಿಯಾಗೋದು ಹೇಗೆ, ಈರುಳ್ಳಿಯಿಲ್ಲದೆ ಸಾರು ಘಮ್ಮೆನ್ನೋದು ಹೇಗೆ ಅನ್ನೋದನ್ನು ಯಾವ ಆಹಾರತಜ್ಞರಿಗಿಂತಲೂ ಅವರು ಚೆನ್ನಾಗಿ ಹೇಳಿಕೊಡುತ್ತಾರೆ.

ಈ ತಿಂಗಳು ದೇವಸ್ಥಾನಗಳಲ್ಲಿ ಕೊಡುವ ಹುಗ್ಗಿಯನ್ನೇ ನೋಡಿ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ತುಪ್ಪ, ಚಿಟಿಕೆ ಇಂಗು. ಕಾಳುಗಳಲ್ಲಿ ಹೆಸರು ಹೊಟ್ಟೆಗೆ ಹಗುರ. ಮನೆಯಲ್ಲಿ ಮಾಡುವಾಗ ಬೇಳೆಯನ್ನು ಅಕ್ಕಿಯ ಕಾಲು ಭಾಗಕ್ಕಿಳಿಸಿ, ನೆನೆಸಿದ ನೀರು ಚೆಲ್ಲಿ ಬೇಯಿಸಿದರೆ ಬಿಡುವ ಹಂತದಲ್ಲೂ ಒಂದು ಬಟ್ಟಲು ತಿನ್ನಬಹುದು. ನೀರು ಚೆಲ್ಲೋದು ಯಾಕೆ ಅಂದರೆ ಕಾಳಿನ ಆ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಬಸ್ಸಾರಿಗೂ ಇದೇ ಮಾತು. ನಮ್ಮದು ಮುದ್ದೆ ಬಸ್ಸಾರಿನ ಮನೆ. ಸೊಪ್ಪು ಕಾಳು ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಖಾರ ಅರೆದು ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಹೊಟ್ಟೆ ಸೂಕ್ಷ್ಮವಿರುವವರಿಗೆ ಕಷ್ಟ ಕೊಡೋದರಲ್ಲಿ ಹೆಚ್ಚಿನ ಪಾಲು ಆ ಕಟ್ಟಿನಲ್ಲಿ ಇಳಿದಿರುತ್ತದೆ. ಅಂಥವರು ಪಲ್ಯ ಬಡಿಸಿಕೊಂಡು, ಆ ಸಾರಿನ ಬದಲು ಟೊಮೆಟೊ ಮೆಣಸಿನ ತಿಳಿಸಾರು ಹಾಕಿಕೊಳ್ಳಲಿ.

ಬೆಳ್ಳುಳ್ಳಿಯದು ಇದಕ್ಕೆ ಜೋಡಿ ವಿಷಯ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗೋದಿಲ್ಲ. ಸಾರಿಗೆ ಬೆಳ್ಳುಳ್ಳಿ ಹಾಕಿ ಕುದಿಸಿ ಆಮೇಲೆ ಎಸಳು ಆರಿಸಿ ತೆಗೆದರೆ ಪ್ರಯೋಜನವಿಲ್ಲ, ಫ್ರಕ್ಟಾನ್ ಆಗಲೇ ಸಾರಿನೊಳಗೆ ಇಳಿದಿರುತ್ತದೆ. ಒಗ್ಗರಣೆ ಸೌಟಿನಲ್ಲಿ ಎಣ್ಣೆ ಬಿಸಿ ಮಾಡಿ, ಜಜ್ಜಿದ ಎರಡು ಎಸಳು ಹಾಕಿ, ಸಣ್ಣ ಉರಿಯಲ್ಲಿ ಕೆಂಪಗಾಗೋವರೆಗೆ ಬಿಡಿ. ಎಸಳುಗಳನ್ನು ಚೂರೂ ಉಳಿಯದ ಹಾಗೆ ತೆಗೆದು, ಅದೇ ಎಣ್ಣೆಗೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ. ಘಮ ಪೂರ್ತಿ ಬರುತ್ತದೆ, ನೋವು ಬರೋದಿಲ್ಲ. ಅಂದಂದಿಗೆ ಮಾಡಿಕೊಳ್ಳಿ. ಬೆಳ್ಳುಳ್ಳಿ ಎಣ್ಣೆಯನ್ನು ಸೀಸೆಯಲ್ಲಿ ತುಂಬಿ ಹೊರಗಿಟ್ಟರೆ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ವಿಷ ಹುಟ್ಟಬಹುದು. ಈರುಳ್ಳಿ ಬೇಕೇ ಬೇಕು ಅನ್ನಿಸಿದರೆ ಈರುಳ್ಳಿ ಸೊಪ್ಪಿನ ಹಸಿರು ಭಾಗ ಹೆಚ್ಚಿ ಹಾಕಿ, ಬಿಳಿ ಗೆಡ್ಡೆ ಬಿಡಿ. ಅಂಗಡಿಯ ಮಸಾಲೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ಈರುಳ್ಳಿ ಬೆಳ್ಳುಳ್ಳಿ ಪುಡಿ ಅಲ್ಲಿ ಅಡಗಿರುತ್ತವೆ.

ತರಕಾರಿ ಗಾಡಿಯಲ್ಲಿ ಬೀನ್ಸ್ ಒಂದೇ ಅಲ್ಲ, ಕ್ಯಾರೆಟ್, ಸೌತೆಕಾಯಿ, ಮೂಲಂಗಿ, ಬದನೆ, ಆಲೂಗಡ್ಡೆ, ಪಾಲಕ್ ಎಲ್ಲವೂ ನಿಮ್ಮವೇ. ಹಣ್ಣಿನಲ್ಲಿ ಪಪ್ಪಾಯ, ಕಿತ್ತಳೆ, ಅನಾನಸ್. ಅಕ್ಕಿರೊಟ್ಟಿ, ನೀರುದೋಸೆ, ಇಡ್ಲಿ ಇವೆ. ಇಡ್ಲಿಯ ಉದ್ದು ನೆನೆದು ಹುಳಿ ಬಂದಾಗ ಗಾಳಿ ಮಾಡುವ ಸಕ್ಕರೆ ಒಂದಷ್ಟು ಆಗಲೇ ಖರ್ಚಾಗಿರುತ್ತದೆ. ಹೋಟೆಲಿಗೆ ಹೋದರೆ ಖಾರಾಬಾತಿನ ರವೆ ಗೋಧಿಯದು, ಮಸಾಲೆದೋಸೆಯ ಪಲ್ಯದಲ್ಲಿ ಈರುಳ್ಳಿ. ಇಡ್ಲಿಗೆ ಸ್ವಲ್ಪ ಚಟ್ನಿ ಸಾಕು, ಸಾಂಬಾರಿನಲ್ಲಿ ಅದ್ದಬೇಡಿ.

ಮರಳಿ ತರುವ ಕೆಲಸ ಶುರು ಮಾಡುವ ಮುಂಚೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, ರಾತ್ರಿ ನಿದ್ದೆಯಿಂದೆಬ್ಬಿಸುವ ಭೇದಿ, ಇವುಗಳಲ್ಲಿ ಯಾವುದೇ ಇದ್ದರೂ ಪಥ್ಯ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಆ ಪರೀಕ್ಷೆ ಸರಿಯಾದ ಉತ್ತರ ಕೊಡದೆ ಇರಬಹುದು, ಹಾಗಾಗಿ ಎಷ್ಟು ದಿನದಿಂದ ಬಿಟ್ಟಿದ್ದೀರಿ ಅಂತ ಅವರಿಗೆ ತಿಳಿಸಿ. ಮರಳಿ ತರುವಾಗ ಆಹಾರತಜ್ಞರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಈಗ ಕ್ರಮ. ಒಂದು ಸಲಕ್ಕೆ ಒಂದೇ ಗುಂಪು, ಮೂರು ದಿನ, ದಿನದಿನಕ್ಕೆ ಸ್ವಲ್ಪ ಹೆಚ್ಚು. ಉಳಿದ ಊಟ ಈಗಿನ ಹಾಗೆಯೇ ಇರಲಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯೋದಿಲ್ಲ. ಆಮೇಲೆ ಎರಡು ಮೂರು ದಿನ ಬಿಡುವು. ಲ್ಯಾಕ್ಟೋಸಿಗೆ ಹಾಲು, ಗೋಧಿಗೆ ಚಪಾತಿ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಬೇರೆ ಬೇರೆಯಾಗಿ ನೋಡಿ, ಚಪಾತಿ ಒಗ್ಗುವ ಎಷ್ಟೋ ಜನಕ್ಕೆ ಈರುಳ್ಳಿ ಒಗ್ಗೋದಿಲ್ಲ. ಮ್ಯಾನಿಟಾಲಿಗೆ ಹೂಕೋಸು. ಹೋಳಿಗೆಯನ್ನು ಪರೀಕ್ಷೆಗೆ ಇಟ್ಟುಕೊಳ್ಳಬೇಡಿ. ಕಣಕದಲ್ಲಿ ಫ್ರಕ್ಟಾನ್, ಹೂರಣದಲ್ಲಿ ಬೇಳೆ, ಎರಡೂ ಒಟ್ಟಿಗೆ ಬರುತ್ತವೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಬೀಜ ನಿಮಗೆ ತೊಂದರೆ ಮಾಡೋದಿಲ್ಲ, ಹುರಿಗಡಲೆ ಮಾತ್ರ ಕಾಳಿನ ಗುಂಪಿಗೆ ಸೇರಿದ್ದು.

ಮೊದಲ ಸರದಿ ಅವರೆಯದಿರಲಿ ಅಂತ ನನ್ನ ಆಸೆ. ಇಲ್ಲಿ ಮುಖ್ಯರಸ್ತೆಯ ಬದಿಯಲ್ಲಿ ಈಗ ಅವರೆಕಾಯಿ ರಾಶಿ, ಹತ್ತಿರ ಹೋದರೆ ಸೊಗಡು ಕೈಗೆ ಅಂಟುತ್ತದೆ. ನಮ್ಮ ಪಕ್ಕದ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟ ಮೇಲೆ ಅವರೆ ವರ್ಷದ ಬೇರೆ ತಿಂಗಳಲ್ಲೂ ಸಿಗುತ್ತದೆ, ಆದರೆ ಚಳಿಗಾಲದ ಇಬ್ಬನಿ ಕುಡಿದ ಕಾಯಿಯ ಸೊಗಡೇ ಬೇರೆ. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಚೆಲ್ಲಿ, ಹಿತುಕಿ ಸಿಪ್ಪೆ ತೆಗೆದು, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ ಬಸಿಯಿರಿ. ಬೆಳ್ಳುಳ್ಳಿ ಎಣ್ಣೆಯ ಒಗ್ಗರಣೆ, ತೆಂಗಿನಕಾಯಿ ತುರಿ, ಕೊತ್ತಂಬರಿ ಸೊಪ್ಪು. ಮೊದಲ ದಿನ ಮಧ್ಯಾಹ್ನ ಅನ್ನದ ಜೊತೆ ಎರಡು ಚಮಚ. ಸುಮ್ಮನಿದ್ದರೆ ಮರುದಿನ ನಾಲ್ಕು, ಮೂರನೇ ದಿನ ಅರ್ಧ ಬಟ್ಟಲು. ಸ್ವಲ್ಪ ಗಾಳಿಯಾದರೆ ಹೆದರಬೇಡಿ, ಅದು ಎಲ್ಲರಿಗೂ ಆಗುತ್ತದೆ; ನೋವು ಬಂದರೆ ನಿಲ್ಲಿಸಿ, ಎಷ್ಟಕ್ಕೆ ಬಂತು ಅಂತ ಬರೆದಿಡಿ. ಎರಡು ಚಮಚಕ್ಕೆ ನೋವಿಲ್ಲದಿದ್ದರೆ ಆ ಎರಡು ಚಮಚ ನಿಮ್ಮದಾಯಿತು. ಇವತ್ತು ಒಗ್ಗದ್ದನ್ನು ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿ, ಹೊಟ್ಟೆ ಬದಲಾಗುತ್ತದೆ.

ಆ ಮೂರು ದಿನದ ಲೆಕ್ಕ ಬರೆದು ಕಳಿಸಿ. ಮುಂದಿನದಕ್ಕೆ ಹಾಲೋ ಚಪಾತಿಯೋ ಅನ್ನೋದನ್ನು ಅದನ್ನು ನೋಡಿ ತೀರ್ಮಾನಿಸೋಣ. ಜೇನುತುಪ್ಪದಿಂದ ಫ್ರಕ್ಟೋಸಿನ ಸರದಿಯನ್ನು ಯುಗಾದಿಯೊಳಗೆ ಮುಗಿಸಬೇಕು, ಮಾವು ಬರುವ ಹೊತ್ತಿಗೆ ನೀವು ಎಷ್ಟು ಹೋಳು ತಿನ್ನಬಹುದು ಅಂತ ಗೊತ್ತಿರಬೇಕು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಗೆಳತಿ