ಇದ್ದಿಲುಪೇಟೆಯಲ್ಲೊಂದು ಸಂಜೆ

ವಿಯೆನ್ನಾಕ್ಕೆ ಹೋದವರು ಅರಮನೆ ನೋಡುತ್ತಾರೆ, ಸಂಗೀತ ಕೇಳುತ್ತಾರೆ. ನಾನೂ ನೋಡಿದೆ, ಕೇಳಿದೆ. ಆದರೆ ಆ ಊರಿನ ಸಲುಗೆ ಸಿಕ್ಕಿದ್ದು ಗ್ರಾಬೆನ್ ಬೀದಿಯಲ್ಲಿ, ಇಳಿಬಿಸಿಲಿನಲ್ಲಿ ಕೈಬೀಸಿಕೊಂಡು ಅಡ್ಡಾಡುವಾಗ. ಅಲ್ಲೇ ಓದುತ್ತಿರುವ ಮಗಳು ಜೊತೆಗಿದ್ದಳು.

“ಅಮ್ಮಾ, ಏನಾದ್ರೂ ತಗೋತೀಯಾ?”

“ತಡಿಯೇ, ಮೊದಲು ಈ ತುದಿಯಿಂದ ಆ ತುದಿಗೆ ನಡೆಯೋಣ.”

ಗ್ರಾಬೆನ್ ಅಂದರೆ ಕಂದಕ. ರೋಮನ್ನರು ಇಲ್ಲಿ ವಿಂಡೊಬೊನಾ ಎಂಬ ದಂಡಿನ ಠಾಣ್ಯ ಕಟ್ಟಿದ್ದಾಗ ಅದರ ಗೋಡೆಯಾಚೆ ಇದ್ದ ಹಳ್ಳವಿದು. 1192ರಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ ಈ ಊರಿನ ಬಳಿ ಸೆರೆಸಿಕ್ಕ. ಅವನ ಬಿಡುಗಡೆಗೆ ಬಂದ ಹಣದಲ್ಲಿ ಊರು ಹಿಗ್ಗಿತು, ಕಂದಕ ಮುಚ್ಚಿತು, ಮುಚ್ಚಿದ ನೆಲದ ಮೇಲೆ ಸಂತೆ ಕೂತಿತು. ಈಗ ಅಲ್ಲಿ ವಜ್ರ, ರೇಷ್ಮೆ, ಗಡಿಯಾರಗಳ ಅಂಗಡಿಗಳು. 1970ರ ದಶಕದಲ್ಲಿ ಮೋಟಾರುಗಳನ್ನು ಹೊರಗಟ್ಟಿದ್ದರಿಂದ ನಡುಬೀದಿಯಲ್ಲೇ ನಿಂತು ತಲೆಯೆತ್ತಿ ಕಟ್ಟಡಗಳನ್ನು ನೋಡಬಹುದು. ಇಷ್ಟೆಲ್ಲ ಸಿರಿ ಬಂದರೂ ಹೆಸರು ಮಾತ್ರ ಕಂದಕವೇ.

ಬೀದಿ ಶುರುವಾಗುವ ಮೂಲೆಯಲ್ಲಿ, ದೊಡ್ಡ ಕಟ್ಟಡವೊಂದರ ಗೂಡಿನಲ್ಲಿ, ಗಾಜಿನ ಹಿಂದೆ ಒಂದು ಮರದ ಬೊಡ್ಡೆ ನಿಂತಿದೆ. ನಾನು ಹತ್ತಿರ ಹೋಗಿ ಕಣ್ಣು ಕಿರಿದಾಗಿಸಿದೆ. ಮರ ಕಾಣಲೇ ಇಲ್ಲ, ಕಂಡದ್ದೆಲ್ಲ ಮೊಳೆ! ಮೊಳೆಯ ತಲೆಗೆ ಮೊಳೆಯ ತಲೆ ಒತ್ತಿ, ಕಬ್ಬಿಣದ ಹುರುಪೆ ಎದ್ದ ಹಾಗೆ. ಊರಿಂದೂರಿಗೆ ಅಲೆಯುತ್ತಿದ್ದ ಕಮ್ಮಾರ ಹುಡುಗರು ಇಲ್ಲಿಗೆ ಬಂದು ಒಂದೊಂದು ಮೊಳೆ ಹೊಡೆಯುತ್ತಿದ್ದರಂತೆ. 1533ರ ದಾಖಲೆಯಲ್ಲೇ ಈ ಬೊಡ್ಡೆಯ ಹೆಸರಿದೆ. ದೆವ್ವವನ್ನು ಹುಣಸೆಮರಕ್ಕೆ ಮೊಳೆ ಹೊಡೆದು ಕಟ್ಟಿಹಾಕುವ ಕಥೆ ಕೇಳಿ ಬೆಳೆದ ನನಗೆ ಅದು ಗುರುತಿನ ನೆಂಟನಂತೆ ಕಂಡಿತು. ಆ ಹುಡುಗರ ಸುತ್ತಿಗೆಯ ಪೆಟ್ಟಿನಲ್ಲಿ ಕಟ್ಟಿಹಾಕುವ ಸಿಟ್ಟಿರಲಿಲ್ಲ, ಮುಂದಿನ ದಾರಿ ಸುಗಮವಾಗಲಿ ಎಂಬ ಹರಕೆ ಇದ್ದಿರಬೇಕು ಅನ್ನಿಸಿ ಬಹಳ ಹೊತ್ತು ಅಲ್ಲೇ ನಿಂತೆ.

ನಡುಬೀದಿಯಲ್ಲಿ ಪ್ಲೇಗಿನ ಕಂಬ. 1679ರಲ್ಲಿ ಪ್ಲೇಗು ಬಡಿದಾಗ ಊರು ಬಿಟ್ಟಿದ್ದ ದೊರೆ ಲಿಯೊಪೋಲ್ಡ್, ಮಾರಿ ತೊಲಗಿದರೆ ಕಂಬ ನಿಲ್ಲಿಸುತ್ತೇನೆಂದು ಹರಕೆ ಹೊತ್ತ. ಅದು ಪೂರ್ತಿಯಾದದ್ದು 1693ರಲ್ಲಿ. ಕಂಬವೆಂದರೂ ಅದು ಕಲ್ಲಿನ ಮೋಡಗಳ ರಾಶಿ, ಮೋಡದ ಮೇಲೆ ದೇವದೂತರು, ತುದಿಯಲ್ಲಿ ಹೊಳೆಯುವ ಚಿನ್ನ. ಕೆಳಗೆ ದೊರೆ ಮಂಡಿಯೂರಿ ಕೂತಿದ್ದಾನೆ, ಅವನ ಮನೆತನಕ್ಕೇ ಹೆಸರಾದ ಮುಂಚಾಚಿದ ತುಟಿಯನ್ನೂ ಶಿಲ್ಪಿ ಬಿಟ್ಟಿಲ್ಲ. ಅವನ ಕೆಳಗೆ ಪ್ಲೇಗು, ಒಬ್ಬ ಮುದುಕಿಯ ರೂಪದಲ್ಲಿ. ಜೋತ ಮೊಲೆ, ಕೆದರಿದ ಕೂದಲು, ತೆರೆದ ಬಾಯಿ. ಶ್ರದ್ಧೆಯೆಂಬ ದೇವಿ ಶಿಲುಬೆ ಹಿಡಿದು ನಿಂತಿದ್ದಾಳೆ. ಪುಟ್ಟ ದೇವದೂತ ಪಂಜು ಹಿಡಿದು ಮುದುಕಿಯನ್ನು ಕೆಳಗೆ ತಳ್ಳುತ್ತಿದ್ದಾನೆ.

ನಮ್ಮ ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ನಾವು ಅವಳನ್ನು ತಳ್ಳಲಿಲ್ಲ, ಪ್ಲೇಗಮ್ಮ ಎಂದು ಕರೆದು ಗುಡಿ ಕಟ್ಟಿ ಅರಿಶಿನ ಕುಂಕುಮ ಇಟ್ಟೆವು. ಮಕ್ಕಳನ್ನು ಕಿತ್ತುಕೊಂಡವಳನ್ನೇ ಅಮ್ಮ ಎನ್ನಲು ಆ ತಾಯಂದಿರಿಗೆ ಎಂಥ ಎದೆ ಬೇಕಾಗಿತ್ತೋ! ಕಲ್ಲಿನ ಆ ಮುದುಕಿಯ ಮುಖ ನೋಡುತ್ತ ನನಗೆ ಭಯಕ್ಕಿಂತ ಸಂಕಟವೇ ಹೆಚ್ಚಾಯಿತು. ಸುತ್ತ ಜನ ಐಸ್‌ಕ್ರೀಮ್ ತಿನ್ನುತ್ತಿದ್ದರು, ಮಗುವೊಂದು ಕಟಾಂಜನ ಹಿಡಿದು ಜೋಲಿ ಹೊಡೆಯುತ್ತಿತ್ತು. ಅವಳ ಎದುರಿಗೇ ಮಕ್ಕಳು ಆಡುವುದು ಚಂದವೇ.

ಮುಂದೆ ಎಡಕ್ಕೆ ತಿರುಗಿದರೆ ಕೋಲ್‌ಮಾರ್ಕ್ಟ್. ಇದ್ದಿಲುಪೇಟೆ ಎಂದೇ ಅದರ ಅರ್ಥ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆಗಳ ಊರಿನವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೂಟೆ ಹೊತ್ತು ಮೈಯೆಲ್ಲ ಕಪ್ಪಾದವರು ಕೂಗಿ ಮಾರುತ್ತಿದ್ದ ಕಡೆ ಈಗ ಬಿಳಿ ಕೈಗವಸಿನವರು ಬಾಗಿಲು ತೆಗೆಯುತ್ತಾರೆ. ಬೀದಿಯ ಕೊನೆಗೆ ಅರಮನೆಯ ಹಸಿರು ಗುಮ್ಮಟ. ಸಾರೋಟಿನ ಕುದುರೆಗಳು ಟಕಟಕ ಸಾಗುತ್ತವೆ.

ಅಲ್ಲೇ ಡೆಮೆಲ್. 1786ರಲ್ಲಿ ಶುರುವಾದ ಮಿಠಾಯಿ ಅಂಗಡಿ, ಅರಮನೆಗೆ ಸಿಹಿ ಒದಗಿಸುತ್ತಿದ್ದ ಮನೆ. ಕಪ್ಪು ಉಡುಪಿನ ಹೆಂಗಸು ಬಂದು ಏನೋ ಕೇಳಿದರು. ಮಗಳು ಅರ್ಥ ಹೇಳಿದಳು: “ಆರಿಸಿಕೊಂಡಿದ್ದಾರಾ?” ನೀನು, ನೀವು ಏನೂ ಇಲ್ಲದೆ ಎದುರಿಗಿದ್ದವರನ್ನೇ ‘ಅವರು’ ಮಾಡಿ ಮಾತಾಡುವುದು ಆ ಮನೆಯ ಹಳೇ ರೂಢಿಯಂತೆ. ನನ್ನ ಅಜ್ಜಿ ಬೀಗರನ್ನು “ಊಟಕ್ಕೆ ಏಳ್ತಾರಂತಾ?” ಎಂದು ಕೇಳುತ್ತಿದ್ದದ್ದು ಹೀಗೆಯೇ. ಆ ದನಿ ಎಷ್ಟೋ ವರ್ಷಗಳ ಮೇಲೆ ಕಿವಿಗೆ ಬಿತ್ತು.

ಆರಿಸಿಕೊಂಡೆ: ಸಾಮ್ರಾಜ್ಞಿ ಎಲಿಜಬೆತ್‌ಗೆ ಬಲು ಇಷ್ಟವಾಗಿದ್ದ, ಸಕ್ಕರೆ ಕಟ್ಟಿದ ವಯಲೆಟ್ ಹೂ, ಒಂದು ಪುಟ್ಟ ಡಬ್ಬಿ. ಹೊರಗೆ ಬಂದು ಮುಚ್ಚಳ ತೆಗೆದೆ. ಕಡಲೆಕಾಳಿನಷ್ಟು ಗಾತ್ರ, ಕಡುನೇರಳೆ, ಮೇಲೆ ಹರಳುಹರಳಾದ ಸಕ್ಕರೆ. ಒಂದನ್ನು ಬಾಯಿಗಿಟ್ಟುಕೊಂಡೆ. ಮೊದಲು ಹರಳು ನಾಲಗೆಯನ್ನು ಚುಚ್ಚಿತು, ಆಮೇಲೆ ಕರಗಿತು. ಕೊನೆಗೆ ಉಳಿದದ್ದು ಹೂವಿನ ಒಂದು ತೆಳ್ಳನೆ ಎಸಳು. ಅಗಿಯಲು ಮನಸ್ಸಾಗದೆ ಹಾಗೇ ಇಟ್ಟುಕೊಂಡೆ.

“ಹೇಗಿದೆಯಮ್ಮಾ?”

ಬಾಯಿ ತೆರೆಯದೆ, ಬಂದ ದಾರಿಯ ಕಡೆ ಕೈ ತೋರಿಸಿದೆ. ಅವಳು ನಕ್ಕು, ನನ್ನ ತೋಳು ಹಿಡಿದು, ಕಂದಕದ ಬೀದಿಯತ್ತ ಮತ್ತೆ ಹೆಜ್ಜೆ ಹಾಕಿದಳು.